ನಮ್ಮ ಮಾವನ ನಾಲ್ಕು ಬಟ್ಟಲು

ನನ್ನ ಮಾವನವರು, ಅಂದರೆ ನನ್ನ ಗಂಡನ ತಂದೆ, ಮನುಷ್ಯರನ್ನು ನಂಬದೆ ಇದ್ದಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಸೂರ್ಯನನ್ನೇ ನಂಬುತ್ತಿರಲಿಲ್ಲ! "ಇವತ್ತು ಸೂರ್ಯ ಸ್ವಲ್ಪ ತಡ ಮಾಡ್ದ" ಎಂದು ಎಷ್ಟೋ ಬೆಳಿಗ್ಗೆ ನನ್ನೆದುರೇ ದೂರಿದ್ದಾರೆ. ಅವರು ನಂಬಿದ್ದು ಒಂದು ತಾಮ್ರದ ಬಟ್ಟಲನ್ನು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿಕೊಂಡು ಮುಳುಗುತ್ತಿತ್ತು. ಒಮ್ಮೆ ಮುಳುಗಿದರೆ ಒಂದು ಗಳಿಗೆ. ಗಡಿಯಾರ, ಪಂಚಾಂಗ ಎಲ್ಲ ಅವರಿಗೆ ಅದೇ.

ನಾನು ಸೊರಬದ ಕಡೆಯವಳು. ನಮ್ಮಲ್ಲಿ ನೀರು ಎಂದರೆ ನಡೆಯುವ ದಾರಿಗೆ ಅಡ್ಡ ಬರುವ ವಸ್ತು. ಮದುವೆಯಾಗಿ ತಾಳಗುಂದದ ಕಡೆಗೆ ಬಂದದ್ದು ನಯಾಪೈಸೆ ಹೊಸದಾಗಿ ಬಂದ ಕಾಲದಲ್ಲಿ. ಮೊದಲ ದಿನವೇ ಅರ್ಧ ಕೊಡ ನೀರು ಸುರಿದುಕೊಂಡು ಕಾಲು ತೊಳೆದೆ. ಮಾವ ನನ್ನ ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿ, "ಅಷ್ಟೇನು ದೊಡ್ಡವಿಲ್ಲವಲ್ಲ ತಾಯಿ" ಎಂದರು. ಆಮೇಲೆ ನಾನು ಚೊಂಬಿನಲ್ಲೇ ಕಾಲು ತೊಳೆಯುವುದನ್ನು ಕಲಿತೆ.

ನಾಲ್ಕು ಮನೆಗೆ ಒಂದೇ ಬಾವಿ. ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತಿ ಹೊಲ ತೋಟಗಳಿಗೆ ಹಾಯಿಸುವುದು. ದಿನಕ್ಕೆ ಒಂದೊಂದು ಮನೆಗೆ ನಾಲ್ಕು ನಾಲ್ಕು ಬಟ್ಟಲು. ಬಟ್ಟಲು ಇಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂರುವವರು ಮಾವ. ಬಟ್ಟಲು ಹಿಡಿದವನ ಸರದಿ ಎಲ್ಲರದೂ ಮುಗಿದ ಮೇಲೆ ಎನ್ನುವುದು ಅವರ ಅಜ್ಜನ ಕಾಲದ ಕಟ್ಟಳೆ. ಅಳೆಯುವವನೇ ಮೊದಲು ಕುಡಿದರೆ ಅಳತೆಗೆ ಏನು ಬೆಲೆ?

ಈ ಬಟ್ಟಲಿನ ಕಾಟ ಬಾವಿಗಷ್ಟೇ ನಿಂತಿದ್ದರೆ ಬದುಕಬಹುದಿತ್ತು. ನನ್ನ ಅಪ್ಪ ಮೊದಲ ಸಲ ಬಂದಾಗ ಮಾವ ಅದನ್ನು ಜಗಲಿಗೇ ತಂದು ತೇಲಿಬಿಟ್ಟರು. ಅಪ್ಪ ಅದು ಯಾವುದೋ ಪೂಜೆ ಎಂದುಕೊಂಡು ಕೈಮುಗಿದರು. ಅಡಿಕೆ ಧಾರಣೆಯಿಂದ ಶುರುಮಾಡಿ ತಮ್ಮ ಮಂಡಿನೋವಿನ ತನಕ ಬಂದಿದ್ದರು, ಅಷ್ಟರಲ್ಲಿ ಬಟ್ಟಲು ಮುಳುಗಿತು. "ನಿಮ್ಮದಾತು. ಇನ್ನು ನಂದು" ಎಂದರು ಮಾವ. ಮುಂದಿನ ಒಂದು ಗಳಿಗೆ ಅಪ್ಪ ಬಾಯಿ ತೆರೆಯುವಂತಿಲ್ಲ! ಪಾಪ, ಮಂಡಿನೋವು ಅರ್ಧಕ್ಕೇ ನಿಂತುಹೋಯಿತು.

ಅತ್ತೆಯ ಬೈಗುಳಕ್ಕೂ ಅದೇ ಲೆಕ್ಕ. "ಇವತ್ತು ಒಂದೂವರೆ ಬಟ್ಟಲು ಬೈದೆ, ನಿನ್ನೆಗಿಂತ ಕಮ್ಮಿ. ಮೈ ಹುಷಾರಿಲ್ಲೇನು?" ಎಂದು ಕೇಳುತ್ತಿದ್ದರು. ಅತ್ತೆ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವರಿಬ್ಬರ ಸಂಸಾರ ನಡೆದದ್ದೇ ಹಾಗೆ.

ಅತ್ತೆಗೆ ಒಂದು ವೀಳ್ಯದೆಲೆ ಬಳ್ಳಿಯ ತೋಟವಿತ್ತು. ತೋಟ ಎಂದರೆ ಎಂಟೇ ಸಾಲು. ಮದುವೆಯಾಗಿ ಬಂದ ವರ್ಷ ತಾವೇ ನೆಟ್ಟದ್ದು. ಹೆತ್ತ ಎರಡು ಹೆಣ್ಣುಮಕ್ಕಳು ಉಳಿಯಲಿಲ್ಲ, ಬಳ್ಳಿ ಉಳಿಯಿತು. ಬೆಳಿಗ್ಗೆ ಅಲ್ಲಿಗೆ ಹೋದರೆ ಒಂದೊಂದು ಬಳ್ಳಿಯನ್ನೂ ಮಾತಾಡಿಸಿಕೊಂಡೇ ಬರುತ್ತಿದ್ದರು. ಬೇಸಿಗೆಯಲ್ಲಿ, "ಅರ್ಧ ಬಟ್ಟಲು ಜಾಸ್ತಿ ಬಿಡ್ರಿ, ಎಲೆ ಬಾಡ್ಯಾವೆ" ಎಂದು ಬೇಡುವರು. "ನಾಲ್ಕು ಅಂದ್ರೆ ನಾಲ್ಕು" ಎನ್ನುವರು ಮಾವ. ಆದರೂ ಆ ನಾಲ್ಕು ಬಟ್ಟಲಿನಲ್ಲಿ ಬಳ್ಳಿ ಹೇಗೋ ಜೀವ ಹಿಡಿದುಕೊಂಡಿತ್ತು.

ಆಗ ಬಂತು ನೋಡಿ ಇಂಜಿನ್ನು! ಮೊದಲ ಸರದಿಯ ಗೌಡರು ಎಣ್ಣೆ ಹಾಕಿ ಓಡಿಸುವ ನೀರಿನ ಇಂಜಿನ್ ತರಿಸಿದರು. ಕೂಡಿಸಲು ಶಿಕಾರಿಪುರದಿಂದ ಮಿಸ್ತ್ರಿ ಸಾಹೇಬರು ಬಂದರು. ಊರಿಗೆ ಊರೇ ಬಾವಿಕಟ್ಟೆಯಲ್ಲಿ ನೆರೆದಿತ್ತು. ಮಾವ ಎಂದಿನಂತೆ ಬಟ್ಟಲು ತೇಲಿಬಿಟ್ಟರು. ಇಂಜಿನ್ ಕೆಮ್ಮಿ ಕೆಮ್ಮಿ ಓಡತೊಡಗಿತು. ಒಂದು ಬಟ್ಟಲು ಮುಳುಗುವ ಹೊತ್ತಿಗೆ ಗೌಡರ ಕಾಲುವೆ ಏರಿ ಹರಿಯುತ್ತಿತ್ತು.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಮಾವನ ಪಕ್ಕ ಬಂದು ಕೂತರು. "ಯಜಮಾನ್ರೆ, ನಿಮ್ಮ ಎತ್ತು ನಾಲ್ಕು ಬಟ್ಟಲಿಗೆ ಎತ್ತೋ ನೀರನ್ನ ಇದು ಒಂದು ಬಟ್ಟಲಿಗೇ ಎತ್ತತೈತೆ. ಇದಕ್ಕೆ ಒಂದೇ ಕೊಡ್ರಿ, ಸರಿಹೋಗತೈತೆ."

"ಯಾವುದ್ರಿಂದ ಎತ್ತಬೇಕು ಅಂತ ಕಟ್ಳೆಯಾಗೆ ಇಲ್ಲ ಸಾಹೇಬ್ರೆ. ನಾಲ್ಕು ಅಂದ್ರೆ ನಾಲ್ಕು" ಎಂದರು ಮಾವ.

ಮಿಸ್ತ್ರಿ ಬಾವಿಯನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿ ಇಂಜಿನ್ನಿನ ಕಡೆ ಎದ್ದು ಹೋದರು. ಗೌಡರು ನಾಲ್ಕು ಬಟ್ಟಲೂ ಎಳೆದರು. ನಡುವಿನ ಎರಡು ಮನೆಯವರಿಗೆ ತಳದ ನೀರು ಸಿಕ್ಕಿತು. ನಮ್ಮ ಸರದಿ ಬಂದಾಗ ಕಪಿಲೆಯಲ್ಲಿ ಕೆಸರು ಬಂತು.

ಮಾವ ಏನು ಮಾಡಿದರು ಎನ್ನುತ್ತೀರಿ? ನಮ್ಮ ಪಾಲಿಗೆ ಬಟ್ಟಲನ್ನು ನಾಲ್ಕು ಸಲ ತೇಲಿಬಿಟ್ಟು, ನೀರಿಲ್ಲದ ಬಾವಿಯ ಮುಂದೆ ಕೂತು, ನಾಲ್ಕು ಸಲವೂ ಮುಳುಗುವ ತನಕ ಕಾದು, "ನಮ್ಮದೂ ಆತು" ಎಂದು ಎದ್ದು ಬಂದರು. ದಿನಾಲೂ ಹಾಗೆಯೇ ಮಾಡಿದರು. ಮೊದಲ ದಿನ ನಾನು ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಗೌಡ್ರಿಗೆ ಒಂದು ಮಾತು ಹೇಳ್ರಿ" ಎಂದರು ಅತ್ತೆ.

"ಇಷ್ಟು ವರ್ಷ ಯಾರಿಗೂ ಕಟ್ಳೆ ಮುರೀಲಿಲ್ಲ. ನನ್ನ ಮನೀಗೆ ನೀರು ಸಾಲಲಿಲ್ಲ ಅಂತ ಈಗ ಮುರಿದ್ರೆ ಊರು ಏನಂತದೆ?"

ಫಾಲ್ಗುಣದಲ್ಲಿ ಎಲೆ ಹಳದಿಯಾಯಿತು. ನಾನೂ ಅತ್ತೆಯೂ ಪಾತ್ರೆ ತೊಳೆದ ನೀರನ್ನು ಹೊತ್ತು ಹೊತ್ತು ಹಾಕಿದೆವು. ಎಂಟು ಸಾಲಿಗೆ ಅದು ಎಲ್ಲಿ ಸಾಕು? ಚೈತ್ರ ಕಳೆಯುವಷ್ಟರಲ್ಲಿ ಬಳ್ಳಿ ಬುಡದ ತನಕ ಒಣಗಿತು. ಅಂದಿನಿಂದ ಅತ್ತೆ ಗಂಡನ ಜೊತೆ ಮಾತು ಬಿಟ್ಟರು. ಅರ್ಧ ಬಟ್ಟಲು ಬೈಗುಳವೂ ಇಲ್ಲ. ಮಾವ ಊಟಕ್ಕೆ ಕೂತು ಕಾಯುತ್ತಿದ್ದರು, ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ವೈಶಾಖದಲ್ಲಿ ಅತ್ತೆಗೆ ಜ್ವರ ಹಿಡಿಯಿತು. ಔಷಧಿ ಹತ್ತಲಿಲ್ಲ. ಒಂದು ದಿನ, "ಬಾಯಿ ಕಹಿ ಕಣವ್ವ, ಒಂದು ಎಲೆ ಇದ್ರೆ ಕೊಡು" ಎಂದು ನನ್ನನ್ನು ಕೇಳಿದರು. ಎಲೆ ಎಲ್ಲಿಂದ ತರಲಿ? ಜಗಲಿಯಲ್ಲಿದ್ದ ಮಾವ ಹೆಗಲಿಗೆ ಟವಲ್ ಹಾಕಿಕೊಂಡು ಎದ್ದು ಹೋದರು. ಬಸ್ಸಿಗೂ ಕಾಯದೆ ಸೊರಬದ ತನಕ ನಡೆದಿದ್ದರಂತೆ. ಮರುದಿನ ಬಾಳೆಪಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಎಲೆ ತಂದು ಅತ್ತೆಯ ಪಕ್ಕದಲ್ಲಿಟ್ಟರು. ಅವತ್ತು ಬಾವಿಕಟ್ಟೆಗೆ ಹೋಗಲೇ ಇಲ್ಲ.

ಅತ್ತೆ ಒಂದು ಎಲೆಯನ್ನು ಬೆರಳಿನಿಂದ ಸವರಿ, "ಇದು ನಮ್ಮ ಬಳ್ಳೀದಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಗಂಡನಿಗೆ ಆಡಿದ ಮಾತು.

ಮಾವ ಗೋಡೆಯ ಕಡೆ ಮುಖ ಮಾಡಿದರು. "ನಮ್ಮ ಬಳ್ಳಿ ನಾನೇ ಒಣಗಿಸ್ದೆ. ಮಿಸ್ತ್ರಿ ಹೇಳಿದ ದಿನಾನೇ ನಂಗೆ ತಿಳಿದಿತ್ತು. ಊರಿನ ಬಾಯಿಗೆ ಹೆದರಿ ಅದನ್ನೇ ನ್ಯಾಯ ಅಂದ್ಕೊಂಡೆ."

ಅತ್ತೆ ಎಲೆಯನ್ನು ಎರಡು ಸೀಳು ಮಾಡಿ ಒಂದನ್ನು ಅವರ ಅಂಗೈಯಲ್ಲಿಟ್ಟರು. "ತಿನ್ರಿ. ನಾಳೆ ಗೌಡ್ರಿಗೆ ಹೇಳ್ರಿ, ಇಂಜಿನ್ನಿಗೆ ಒಂದೇ ಬಟ್ಟಲು ಅಂತ. ಈಗ ನಮ್ಮ ತೋಟ ಇಲ್ಲ. ನಿಮ್ಮ ಮನೀಗೋಸ್ಕರ ಮುರಿದ್ರಿ ಅಂತ ಯಾರೂ ಅನ್ನಂಗಿಲ್ಲ."

ಮರುದಿನ ಮಾವ ಹೋಗಿ ಹೇಳಿದರು. ಗೌಡರು ಒಂದೇ ಮಾತಿಗೆ ಒಪ್ಪಿದರು, "ನೀವು ಕೇಳಲಿ ಅಂತಲೇ ಕಾಯ್ತಿದ್ದೆ" ಎಂದರಂತೆ. ಅತ್ತೆ ಮುಂಗಾರು ನೋಡಲಿಲ್ಲ.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಮಾವ ಮತ್ತೆ ಬಾವಿಕಟ್ಟೆಗೆ ಹೋದರು, ನಮ್ಮ ಸರದಿಗೆ ನೀರಿತ್ತು. ಮಾವ ಆ ಎಂಟು ಒಣ ಸಾಲುಗಳಿಗೆ ಮಣ್ಣಿನಿಂದ ಮಡೆ ಕಟ್ಟುತ್ತ, ಬಿಚ್ಚುತ್ತ, ನೀರನ್ನು ತಿರುಗಿಸುತ್ತ, ಒಂದೊಂದು ಬುಡವೂ ನೆನೆಯುವ ತನಕ ಹಾಯಿಸಿದರು. ಯಾವ ಗಿಡಕ್ಕೆ ಎಂದು ನಾನು ಕೇಳಲಿಲ್ಲ.