ಹುಚ್ಚೀರಪ್ಪ ಮಾಸ್ತರರ ಕೆಟ್ಟ ನಕ್ಷತ್ರ

ಕನ್ನಡನಾಡು ಒಂದಾದ ಹೊಸತು. ಮುಂಡರಗಿಯ ಇಂಗ್ಲಿಷ್ ಮಾಸ್ತರ ಹುಚ್ಚೀರಪ್ಪ ಕನ್ಯೆ ನೋಡಲು ಶಿರಹಟ್ಟಿಗೆ ಹೋದಾಗ ಬಾಯಿ ಮುಚ್ಚಿಕೊಂಡು ಶಿರಾ ತಿಂದಿದ್ದರೆ ಸಾಕಿತ್ತು. ಹುಡುಗಿ ಸಿದ್ದಲಿಂಗವ್ವ ಬಾಗಿಲ ಮರೆಯಿಂದ ಒಮ್ಮೆ ನಕ್ಕಿದ್ದಳು. ಮಾಸ್ತರ ಅಷ್ಟಕ್ಕೇ ಕರಗಿಹೋಗಿದ್ದ.

ಹುಡುಗಿಯ ತಂದೆ, ಅರಳೆ ವ್ಯಾಪಾರಿ ದೇವೇಂದ್ರಪ್ಪ, "ಮಾಸ್ತರ್ರ, ಒಂದು ಇಂಗ್ಲೀಷ್ ಶಬ್ದಾ ಹೇಳ್ರಿ, ನಾವೂ ಕಲೀತೀವಿ" ಎಂದ.

ಅಂದು ಬೆಳಿಗ್ಗೆಯಷ್ಟೇ ನಿಘಂಟಿನಲ್ಲಿ ಓದಿದ್ದು ಮಾಸ್ತರನ ಬಾಯಿಂದ ಜಾರಿತು. "ಡಿಸಾಸ್ಟರ್! ಅಂದ್ರ ದೊಡ್ಡ ವಿಪತ್ತು. ಅದರ ಮೂಲ ಅರ್ಥ ಕೆಟ್ಟ ನಕ್ಷತ್ರ ಅಂತ."

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಪಡಸಾಲೆಯಲ್ಲಿ ಕೂತವರೆಲ್ಲ ಹೌಹಾರಿದರು. ಹಲ್ಲಿ ನುಡಿದರೆ ಆಡಿದ ಮಾತು ಖರೆಯೆಂದೇ ಲೆಕ್ಕ.

"ಶಿವನ! ಶುಭ ಕಾರ್ಯದಾಗ ಎಂಥಾ ಮಾತ ಆಡಿದಿಪಾ ತಮ್ಮಾ!" ಎಂದು ಅಜ್ಜಿ ಗುರುಸಿದ್ದವ್ವ ಎದೆ ಹಿಡಿದುಕೊಂಡಳು.

"ಹಂಗಲ್ರೀ ಯಮ್ಮಾ, ಬ್ಯಾರೆ ಶಬ್ದಾ ಹೇಳ್ತೀನಿ. ಕ್ರೈಸಿಸ್! ಗ್ರೀಕ್ ವೈದ್ಯರ ಮಾತದು. ಜಡ್ಡಿನ ಮನಷ್ಯಾ ಉಳೀತಾನೋ ಹೋಗ್ತಾನೋ ಅಂತ ತೀರ್ಮಾನ ಆಗೂ ಹೊತ್ತು."

ದೇವೇಂದ್ರಪ್ಪ ವಿಷಮಶೀತ ಜ್ವರದಿಂದ ಎದ್ದು ವಾರವಾಗಿತ್ತಷ್ಟೆ. ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

ಯಾರೂ ಕರೆಯದೆ ಬಂದು ಕೂತಿದ್ದ ಪಕ್ಕದ ಮನೆಯ ಮಾಳವ್ವ ಪರಿಹಾರ ಹೇಳಿದಳು. "ದೋಷ ಇದ್ದಾಂವಗ ಮೊದಲ ಎಕ್ಕಿ ಗಿಡದ ಕೂಡ ಲಗ್ನಾ ಮಾಡ್ರಿ. ಕೆಟ್ಟದ್ದೆಲ್ಲಾ ಗಿಡಕ್ಕ ಹೋಗತೈತಿ."

ಮೂಢನಂಬಿಕೆಯ ವಿರುದ್ಧ ಗದಗಿನಲ್ಲಿ ಭಾಷಣ ಬಿಗಿದಿದ್ದ ಮಾಸ್ತರ, ಸಿದ್ದಲಿಂಗವ್ವನ ನಗು ನೆನೆದು ಒಪ್ಪಿಕೊಂಡ. ಹಿತ್ತಲಲ್ಲಿ ಓಣಿಯ ಮಂದಿಯೆಲ್ಲ ನೋಡುತ್ತಿರಲು ಎಕ್ಕೆಯ ಗಿಡಕ್ಕೆ ಅರಿಷಿಣದ ದಾರ ಕಟ್ಟಿದ. ಮಂದಿ ಅಕ್ಕಿಕಾಳು ಹಾಕಿದರು.

"ಆತಲ್ರಿ? ಇನ್ನ ನಿಶ್ಚಯ ಮಾಡೂಣು?" ಎಂದು ಮಾಸ್ತರ ಪಡಸಾಲೆಗೆ ಮರಳಿ ಮುಖ ಒರೆಸಿಕೊಂಡ.

ಅಷ್ಟರಲ್ಲಿ ಸಿದ್ದಲಿಂಗವ್ವನೇ ಹೊರಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ. "ಅಪ್ಪಾ, ಹೊಸಾ ಕಾಯ್ದೆ ಬಂದೈತಿ. ಒಬ್ಬಾಕಿ ಜೀವಂತ ಇರೋತನಕ ಇನ್ನೊಬ್ಬಾಕಿನ್ನ ಮಾಡ್ಕೊಳ್ಳಾಕ ಬರಂಗಿಲ್ಲ. ನಾ ಎರಡನೇ ಹೆಂಡ್ತಿ ಆಗಾಂಗಿಲ್ಲ."

ಮಾಸ್ತರನಿಗೆ ಸಿಡಿಲು ಬಡಿದಂತಾಯಿತು. ಹಿತ್ತಲಿಗೆ ಓಡಿದ. ಗಿಡವನ್ನು ಬೇರುಸಹಿತ ಕಿತ್ತು ತಂದು ಎಲ್ಲರ ಮುಂದೆ ಒಗೆದ. "ತಗೋರಿ! ಈಗೇನ್ ತಕರಾರು?"

ದೇವೇಂದ್ರಪ್ಪ ನೆಲದ ಮೇಲೆ ಬಿದ್ದ ಗಿಡವನ್ನೂ ಅದರ ಕೊರಳಿನ ಹಸಿ ಅರಿಷಿಣದ ದಾರವನ್ನೂ ನೋಡಿ ಬೆಚ್ಚಿಬಿದ್ದ. ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡ.

"ಕಟ್ಟಿಕೊಂಡ ಹೆಂಡ್ತೀನ್ನ ಅರ್ಧಾ ತಾಸಿನ್ಯಾಗ ಕೊಂದಾಂವಗ ನನ್ನ ಮಗಳ್ನ ಹೆಂಗ ಕೊಡ್ಲಿರೀ, ಮಾಸ್ತರ್ರ?"