ಹಿಂದಿನವರು

ಕಾಲ್ನಡಿಗೆ ಸಿಕ್ಕಿಬಿದ್ದದ್ದು ಒಂದು ಸಹಿಯಿಂದ.

ನೀರು ಸರಬರಾಜು ಕಚೇರಿಯ ನೋಟಿಸುಗಳನ್ನು ಹತ್ತೊಂಬತ್ತು ವರ್ಷ ಮನೆಮನೆಗೆ ನಡೆದೇ ಮುಟ್ಟಿಸಿದ ಆ ಜವಾನನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಶನಿವಾರ ಒಂದು ಸುತ್ತೋಲೆ ಮೇಜಿನಿಂದ ಮೇಜಿಗೆ ಬಂತು. ಅದರ ಮೇಲೆ ಎಂಟು ಸಹಿಗಳಿದ್ದವು, ಒಂಬತ್ತನೆಯದು ಇವನು ಹಾಕಿದ. ಓದಲಿಲ್ಲ. ಆ ಕಚೇರಿಯಲ್ಲಿ ಸುತ್ತೋಲೆ ಓದುವುದೆಂದರೆ ಸಾಹೇಬರ ಮೇಲೆ ಅನುಮಾನಪಟ್ಟ ಹಾಗೆ. ಸೋಮವಾರ ಬೆಳಿಗ್ಗೆ ಗುಮಾಸ್ತೆ ಓದಿ ಹೇಳಿದಳು: “ಸಹಿ ಮಾಡಿದವರು ಮೋಟಾರ್ ಸೈಕಲ್ ಓಡಿಸಬಲ್ಲವರೆಂದು ತಿಳಿಯಲಾಗುವುದು. ಸೋಮವಾರ ಸಂಜೆ ನಾಲ್ಕಕ್ಕೆ ಪರೀಕ್ಷೆ. ಸುಳ್ಳು ಸಹಿ ಮಾಡಿದವರನ್ನು ಕೆಲಸದಿಂದ ತೆಗೆಯಲಾಗುವುದು.”

ಕಾಲ್ನಡಿಗೆ ಅದುವರೆಗೆ ಓಡಿಸಿದ್ದೆಂದರೆ ನಾಯಿಗಳನ್ನು ಮಾತ್ರ. ಅದೂ ಹೆಚ್ಚು ಸಲ ನಾಯಿಗಳೇ ಅವನನ್ನು ಓಡಿಸಿದ್ದವು. ಹತ್ತೊಂಬತ್ತು ವರ್ಷವಾದರೂ ಅವನಿನ್ನೂ ‘ತಾತ್ಕಾಲಿಕ’ ಜವಾನ. ತೆಗೆಯುವುದಕ್ಕೆ ಸಾಹೇಬರ ಪೆನ್ನಿನ ಒಂದು ಗೀಟು ಸಾಕು. ಮನೆಯಲ್ಲಿ ಹೆಂಡತಿ, ಕಾಲೇಜಿನ ಮಗಳು, ಹಾಸಿಗೆ ಹಿಡಿದ ಅಮ್ಮ. ನಾಲ್ಕು ಹೊಟ್ಟೆಗೆ ಇದ್ದದ್ದು ಅದೊಂದೇ ಕೆಲಸ.

“ಗಾಡಿ ಶೆಡ್ಡಲ್ಲಿದೆ. ಹಿಂದಿನವರದು,” ಎಂದ ಉಗ್ರಾಣದವ, ಬೀಗದ ಗೊಂಚಲು ಅಲ್ಲಾಡಿಸುತ್ತ.

ಹಿಂದಿನವರು ಎಂದರೆ ಅರ್ಜಿಯಣ್ಣ. ಇದೇ ಗಾಡಿಯಲ್ಲಿ ಟಪಾಲು ಹಂಚುತ್ತಿದ್ದವನು. ‘ನನಗೊಂದು ಹೆಲ್ಮೆಟ್ ದಯಪಾಲಿಸಬೇಕು’ ಎಂದು ಹದಿನೇಳು ಅರ್ಜಿ ಬರೆದವನು. ನೀರಿನ ಟ್ಯಾಂಕಿನ ತಿರುವಿನಲ್ಲಿ ಲಾರಿ ಬಡಿದು ಅವನು ಸತ್ತದ್ದು ಮಂಗಳವಾರ. ಹೆಲ್ಮೆಟ್ ಮಂಜೂರಾಗಿ ಬಂದದ್ದು ಬುಧವಾರ.

“ಬೇರೆ ಗಾಡಿ ಇಲ್ವಾ ಅಣ್ಣಾ?”

“ಯಾಕಪ್ಪಾ? ಸತ್ತಿದ್ದು ಅವನು, ಗಾಡಿ ಗಟ್ಟಿಯಾಗೇ ಇದೆ. ತಗೋ, ಹೆಲ್ಮೆಟ್ಟೂ ಇದೆ. ಹೊಸದು, ಯಾರ ತಲೆಗೂ ಹೋಗಿಲ್ಲ.” ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಹೆಲ್ಮೆಟ್ಟು ಕೈಗೆ ಬಂತು. ಅದು ಬುರುಡೆಯಷ್ಟು ತಣ್ಣಗಿತ್ತು.

ಪಾಠ ಹೇಳಲು ಬಂದವನು ಹೆಂಡತಿಯ ತಮ್ಮ, ಗ್ಯಾರೇಜಿನ ಮೇಸ್ತ್ರಿ. ಕಚೇರಿಯ ಹಿಂದಿನ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಭಾವನನ್ನು ಕೂರಿಸಿ ಶುರುಮಾಡಿದ.

“ನೋಡಿ ಭಾವ, ಮೊದಲು ಹೆಲ್ಮೆಟ್ಟಿನ ಪಟ್ಟಿ ಬಿಗೀರಿ. ಪಟ್ಟಿ ಕಟ್ಟದ ಹೆಲ್ಮೆಟ್ಟು ತಲೆ ಮೇಲೆ ಕವುಚಿದ ಪಾತ್ರೆ ಅಷ್ಟೇ. ಬ್ರೇಕು ಎರಡೂ ಒಟ್ಟಿಗೆ. ಬರೀ ಮುಂದಿಂದು ಹಿಡಿದ್ರೆ ಗಾಡಿ ನಿಲ್ಲುತ್ತೆ, ನೀವು ನಿಲ್ಲಲ್ಲ. ಗುಂಡಿ ಕಡೆ ನೋಡ್ಬೇಡಿ, ಕಣ್ಣು ಹೋದ ಕಡೆ ಗಾಡೀನೂ ಹೋಗುತ್ತೆ. ಆಗಾಗ ಕನ್ನಡೀಲಿ ಹಿಂದಿನವರನ್ನ ನೋಡ್ಕೊಳ್ತಾ ಇರಿ.”

ಕಾಲ್ನಡಿಗೆ ಕನ್ನಡಿಯ ಮೇಲಿನ ಕಣ್ಣನ್ನು ಥಟ್ಟನೆ ತೆಗೆದ. “ಹಿಂದಿನವರು... ಕನ್ನಡೀಲಿ ಕಾಣ್ತಾರಾ?”

“ಕಾಣ್ದೆ ಏನು? ಕನ್ನಡಿ ಇರೋದೇ ಅದಕ್ಕೆ. ನೋಡ್ದೇ ಇದ್ರೆ ಮೈಮೇಲೇ ಬಂದ್ಬಿಡ್ತಾರೆ.”

ಕ್ಲಚ್ಚು ಬಿಟ್ಟದ್ದೇ ತಡ, ಗಾಡಿ ಕಪ್ಪೆಯಂತೆ ನೆಗೆದು, ಗುಮಾಸ್ತೆ ಒಣಹಾಕಿದ್ದ ಕಿಟಕಿ ಪರದೆಗಳೊಳಗೆ ನುಗ್ಗಿ, ಮದುವಣಗಿತ್ತಿಯ ಹಾಗೆ ಮುಸುಕು ಹೊದ್ದು ಆಚೆ ಬಂದು ಬೇಲಿಗೆ ಆತು ನಿಂತಿತು. ಗುಮಾಸ್ತೆಯ ಬೈಗುಳ ನಿಂತ ಮೇಲೆ ಮೇಸ್ತ್ರಿ ಬಗ್ಗಿ ಹಿಂದಿನ ಗಾಲಿ ನೋಡಿದ.

“ಭಾವ, ನೀವೊಬ್ರೇ ಕೂತಿರೋದು ತಾನೆ? ಟೈರು ಇಬ್ಬರ ಭಾರಕ್ಕೆ ಕುಸಿದ ಹಾಗಿದೆಯಲ್ಲ.” ಗಾಳಿ ತುಂಬಿದ. ಟೈರು ಉಬ್ಬಿತು. ಒಂದು ನಿಟ್ಟುಸಿರಿನಷ್ಟು ಹೊತ್ತು ಕಳೆಯಿತು. ಮತ್ತೆ ಕುಸಿಯಿತು.

ಮಧ್ಯಾಹ್ನದ ಹೊತ್ತಿಗೆ ಕಾಲ್ನಡಿಗೆ ಹೇಗೋ ಮೂರು ಬೀದಿ ದಾಟಿ ಟ್ಯಾಂಕಿನ ಹತ್ತಿರದ ಚಹಾ ಅಂಗಡಿ ಮುಟ್ಟಿದ. ಮೇಸ್ತ್ರಿ ಹೇಳಿಕೊಟ್ಟಂತೆ ಹ್ಯಾಂಡಲ್ ಲಾಕು ಹಾಕಿ, ಸರಪಳಿಯಿಂದ ಗಾಡಿಯನ್ನು ಕಂಬಕ್ಕೆ ಬಿಗಿದು, ಎರಡೂ ಕೀಲಿ ಜೇಬಿಗೆ ಇಳಿಸಿದ. ಅಂಗಡಿಯಾಕೆ ಎರಡು ಲೋಟ ಇಟ್ಟಳು.

“ಇನ್ನೊಂದು ಯಾರಿಗಮ್ಮಾ?”

“ನಿಮ್ಮ ಹಿಂದಿನವರಿಗೆ.”

ತಿರುಗಿ ನೋಡಿದ. ಖಾಲಿ ಬೆಂಚು, ಮಲಗಿದ ಬೆಕ್ಕು. ಇತ್ತ ತಿರುಗುವಷ್ಟರಲ್ಲಿ ಎರಡನೇ ಲೋಟದ ತಳದಲ್ಲಿ ಚರಟ ಮಾತ್ರ ಇತ್ತು. ಬೆಕ್ಕು ಎದ್ದು, ಯಾರಿಗೋ ಜಾಗ ಬಿಡುವಂತೆ ಪಕ್ಕಕ್ಕೆ ಸರಿದು ಮಲಗಿತು.

ದಡಬಡಿಸಿ ಕಂಬದ ಬಳಿ ಓಡಿದ. ಸರಪಳಿಯಿತ್ತು, ಬೀಗ ಹಾಕಿದ ಹಾಗೇ ಇತ್ತು. ಗಾಡಿ ಇರಲಿಲ್ಲ. ಅದು ನೂರು ಹೆಜ್ಜೆ ಆಚೆ, ಟ್ಯಾಂಕಿನ ತಿರುವಿನಲ್ಲಿ, ಕಚೇರಿಯ ಕಡೆ ಮುಖಮಾಡಿ ನಿಂತಿತ್ತು.

“ಅಣ್ಣಾ,” ಎಂದ ಕಾಲ್ನಡಿಗೆ, ಖಾಲಿ ಸೀಟಿನ ಮುಂದೆ ಕೈಮುಗಿದು, “ನಿನ್ನ ಕೆಲಸ ಕಿತ್ಕೊಂಡವನು ನಾನಲ್ಲ ಕಣಣ್ಣಾ. ಸಹಿ ಮಾಡಿದೆ, ಅಷ್ಟೇ. ಇವತ್ತೊಂದು ದಿನ ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಗಾಡಿ ಹತ್ತಿ ಹೊರಟ. ತಿರುವು ದಾಟುವಾಗ ಅವನ ಬಲಗಾಲು ತಾನಾಗಿಯೇ ಒತ್ತಿತು, ಬೆರಳುಗಳು ತಾವಾಗಿಯೇ ಹಿಡಿದವು. ಎರಡೂ ಬ್ರೇಕು ಒಟ್ಟಿಗೆ ಬಿದ್ದು ಗಾಡಿ ನಿಂತಲ್ಲೇ ನಿಂತಿತು. ಮೂಗಿನ ಮುಂದೆಯೇ ಒಂದು ಲಾರಿ ಹಾದುಹೋಯಿತು. ಅದರ ಗಾಳಿಗೆ ಕಾಲ್ನಡಿಗೆಯ ಅಂಗಿ ಪಟಪಟನೆ ಬಡಿದುಕೊಂಡಿತು. ಆಮೇಲೆ ಯಾರೋ ಹೆಗಲನ್ನು ಎರಡು ಸಲ ತಟ್ಟಿದರು.

ನಾಲ್ಕು ಗಂಟೆಗೆ ಅಂಗಳದ ತುಂಬ ಜನ. ಕಪ್ಪು ಕನ್ನಡಕದ ಪರೀಕ್ಷಕರು ಹೊರಗಿನಿಂದ ಬಂದವರು, ಇಲ್ಲಿಯ ಯಾರನ್ನೂ ಕಂಡವರಲ್ಲ. ಸಾಹೇಬರು ಮಹಡಿಯ ಕಿಟಕಿಯಿಂದಲೇ ನೋಡುತ್ತಿದ್ದರು. ಉಳಿದ ಎಂಟು ಸಹಿಗಳಲ್ಲಿ ಆರು ಜನ ಸೊಂಟನೋವೆಂದು ರಜೆ ಹಾಕಿದ್ದರು. ಇನ್ನಿಬ್ಬರು ಸಾಹೇಬರ ನೆಂಟರು, ಅವರಿಗೆ ಪರೀಕ್ಷೆಯೇ ಇರಲಿಲ್ಲ.

ಕಾಲ್ನಡಿಗೆ ಪಟ್ಟಿ ಬಿಗಿದ, ಕನ್ನಡಿ ಸರಿಮಾಡಿದ, ಗಾಡಿ ಎತ್ತಿದ. ಎಂಟರ ಆಕಾರದಲ್ಲಿ ಸುತ್ತಿದ. ಗೀಟಿನ ಮೇಲೆ ಕೂದಲೆಳೆ ಆಚೀಚೆ ಆಗದೆ ನಿಲ್ಲಿಸಿದ. ಬೇಲಿಯ ಹತ್ತಿರ ಮೇಸ್ತ್ರಿ ಶಿಳ್ಳೆ ಹೊಡೆದ. ಗುಮಾಸ್ತೆ ಪರದೆಗಳ ಸಿಟ್ಟು ಮರೆತು ಚಪ್ಪಾಳೆ ತಟ್ಟಿದಳು.

ಪರೀಕ್ಷಕರು ಹಾಳೆ ನೋಡಿ ಓದಿದರು. “ಸವಾರ ಪಾಸು. ಹಿಂದಿನವರು ಹೆಲ್ಮೆಟ್ ಹಾಕಿಲ್ಲ. ಫೇಲು.”

ಚಪ್ಪಾಳೆ ಅರ್ಧಕ್ಕೇ ನಿಂತಿತು.

“ಹಿಂದೆ... ಯಾರಿದ್ರು ಸಾರ್?”

“ನನ್ನನ್ನೇ ಕೇಳ್ತೀಯೇನಯ್ಯಾ? ಪರೀಕ್ಷೆಗೆ ಇಬ್ಬರು ಬರಬಾರದು ಅನ್ನೋದೂ ಗೊತ್ತಿಲ್ವಾ? ನೀಲಿ ಅಂಗಿ, ಜೇಬಿನ ತುಂಬ ಮಡಚಿದ ಕಾಗದ. ಬಿಸಿಲಲ್ಲಿ ಬರೀ ತಲೇಲಿ ಕೂತಿದಾರೆ ಪಾಪ.”

ಉಗ್ರಾಣದವನ ಕೈಯ ಗೊಂಚಲು ಕೆಳಗೆ ಬಿತ್ತು. “ಅರ್ಜಿಯಣ್ಣ!” ಎಂದಳು ಗುಮಾಸ್ತೆ.

ಕಾಲ್ನಡಿಗೆಗೆ ಭಯವಾಗಬೇಕಿತ್ತು. ಆದರೆ ಎದೆಯಲ್ಲಿ ಎದ್ದದ್ದು ಬೇರೆಯೇ ಉರಿ. ಹದಿನೇಳು ಅರ್ಜಿ ಬರೆದವನು ಸತ್ತ ಮೇಲೂ ಬರೀ ತಲೆಯಲ್ಲೇ ಡ್ಯೂಟಿ ಮಾಡುತ್ತಿದ್ದಾನಲ್ಲ! “ಇನ್ನೊಂದು ಸುತ್ತು ಕೊಡಿ ಸಾರ್,” ಎಂದ. ಉಗ್ರಾಣದವನ ಕಡೆ ತಿರುಗಿ, “ಅಣ್ಣಾ, ಇನ್ನೊಂದು ಹೆಲ್ಮೆಟ್ಟು.”

“ಗಾಡಿಗೆ ಒಂದೇ,” ಎಂದ ಉಗ್ರಾಣದವ. ಹಲ್ಲು ಕಟಕಟಿಸುತ್ತಿದ್ದರೂ ನಿಯಮ ಬಿಡಲಿಲ್ಲ.

ಕಾಲ್ನಡಿಗೆ ತನ್ನ ತಲೆಯ ಹೆಲ್ಮೆಟ್ಟು ಬಿಚ್ಚಿ ಹಿಂದಿನ ಸೀಟಿನ ಮೇಲಿಟ್ಟ. “ಹಾಕ್ಕೋ ಅಣ್ಣಾ. ನಿಂದೇ ಇದು. ಪಟ್ಟಿ ಬಿಗಿಯಾಗಿ ಕಟ್ಕೋ.”

‘ಟಕ್’ ಎಂದು ಪಟ್ಟಿಯ ಕೊಂಡಿ ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಗಾಡಿ ಹಗುರಾಯಿತು. ಹಿಂದಿನ ಟೈರು ಬಲೂನಿನಂತೆ ಉಬ್ಬಿ ನಿಂತಿತು. ಸುತ್ತು ಮುಗಿಸಿ ಇಳಿದಾಗ ಹಿಂದಿನ ಸೀಟಿನ ಮೇಲೆ ಹೆಲ್ಮೆಟ್ಟೂ ಇರಲಿಲ್ಲ, ಭಾರವೂ ಇರಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಈಗ ಒಬ್ಬನೇ ಇದೀಯ. ಹೆಲ್ಮೆಟ್ ಇಲ್ಲ. ಫೇಲು.”

ಕಾಲ್ನಡಿಗೆ ನೆಲದ ಮೇಲೆ ಕುಸಿದು ಕೂತ. ಮಹಡಿಯ ಕಿಟಕಿಯಿಂದ ಸಾಹೇಬರ ದನಿ ಬಂತು. “ತೆಗೀಬೇಡ್ರಿ ಅವನನ್ನ. ಗಾಡಿ ಓಡಿಸ್ತಾನಲ್ಲ! ಹೆಲ್ಮೆಟ್ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡಿದ್ರಾಯ್ತು.”

“ಅಲ್ಲೀವರೆಗೆ ಸಾರ್?” ಕಾಲ್ನಡಿಗೆ ತಲೆಯೆತ್ತಿ ಕೇಳಿದ. “ನಡ್ಕೊಂಡೇ ಹೋಗ್ಲಾ?”

“ಅದೇ ಗಾಡೀಲಿ ಹಂಚು. ಟಪಾಲು ನಿಲ್ಲೋಕಾಗುತ್ತಾ?”

“ಬರೀ ತಲೇಲಾ ಸಾರ್?”

ಕಿಟಕಿ ಮುಚ್ಚಿಕೊಂಡಿತು.

ಕಾಲ್ನಡಿಗೆ ಉಗ್ರಾಣದವನ ಹತ್ತಿರ ಒಂದು ಬಿಳಿ ಹಾಳೆ ಕೇಳಿದ. ‘ಮಾನ್ಯರೇ’ ಎಂದು ಬರೆದು, ಮೂಲೆಯಲ್ಲಿ ಒಂದು ಎಂದು ಅಂಕಿ ಹಾಕಲು ಹೊರಟಾಗ ಉಗ್ರಾಣದವ ಅವನ ಕೈ ಹಿಡಿದ.

“ಒಂದರಿಂದ ಶುರು ಮಾಡ್ಬೇಡ ಅರ್ಜಿಯಣ್ಣಾ,” ಎಂದ ಮೆಲ್ಲಗೆ. “ಫೈಲು ಅದೇ. ಹದಿನೆಂಟು ಅಂತ ಬರಿ.”