ಗೂಬೆ ಹೊಕ್ಕ ಮನೆ

ಉಪ್ಪಿನಕಾಯಿ ಮುಗಿಯದೇ ಇದ್ದಿದ್ದರೆ ಸೇತುರಾಮ ಮೇಷ್ಟ್ರ ಸಂಸಾರ ಆ ದಿನ ಬೀದಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಹೊಸ ಜಾಡಿ ಇಳಿಸಲೆಂದು ಅವರ ಹೆಂಡತಿ ವಿಮಲ ಏಣಿ ಹತ್ತಿ ಅಟ್ಟದೊಳಕ್ಕೆ ಕೈ ಹಾಕಿದಳು. ಒಳಗಿಂದ ಏನೋ ಬುಸ್ಸೆಂದಿತು. ಕಣ್ಣು ಕಿರಿದು ಮಾಡಿ ನೋಡಿದರೆ, ಹೋಳು ಮಾಡಿಟ್ಟ ಸೀಬೆಹಣ್ಣಿನಂಥ ಬಿಳಿ ಮುಖ, ಅದರಲ್ಲಿ ಎರಡು ಕರಿ ಕಣ್ಣು.

“ಅಯ್ಯಯ್ಯೋ, ಗೂಬೆ ರೀ!”

ಮೇಷ್ಟ್ರು ಅರ್ಧ ಕ್ಷೌರದ ಮುಖದಲ್ಲೇ ಓಡಿಬಂದರು. “ಶ್! ಮೆಲ್ಲಗೆ ಕಣೇ, ಯಾರಾದ್ರೂ ಕೇಳಿಸ್ಕೊಂಡಾರು!”

ಕೇಳಿಸಿಕೊಂಡಾಗಿತ್ತು. ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದುದರಿಂದ, ಒಂದು ಮನೆಯ ಮಾತು ಇನ್ನೊಂದು ಮನೆಗೆ ಅಡ್ಡಿಯಿಲ್ಲದೆ ತಲುಪುತ್ತಿತ್ತು. ಎದುರುಮನೆಯ ಶಿವಕ್ಕ ಕೈಯಲ್ಲಿದ್ದ ರಂಗೋಲಿ ಡಬ್ಬಿಯೊಂದಿಗೇ ಬಾಗಿಲಿಗೆ ಬಂದು ನಿಂತರು.

“ಗೂಬೆನಾ? ಮನೆ ಒಳಗಾ? ಅಯ್ಯೋ ನನ್ನವ್ವ, ಮನೆ ಬಿಡ್ಬೇಕಲ್ಲಮ್ಮ!”

ಗೂಬೆ ಹೊಕ್ಕರೆ ಮನೆ ಬಿಡಬೇಕೆಂಬುದು ಆ ಸೀಮೆಯ ಎಳೆಮಗುವಿಗೂ ಗೊತ್ತು. ಬಾಗಿಲಿಗೆ ಮುಳ್ಳು ಬಡಿದು ಹೊರಟರೆ, ಮೂರು ತಿಂಗಳು ಕಳೆದ ಮೇಲೆ ಶಾಂತಿ ಮಾಡಿಸಿಯೇ ಒಳಗೆ ಕಾಲಿಡುವುದು. ಆದರೆ ಮೇಷ್ಟ್ರು ಹೋಗುವುದೆಲ್ಲಿಗೆ? ಈ ಬಾಡಿಗೆ ಮನೆ ಸಿಗುವಷ್ಟರಲ್ಲಿ ಅವರು ಬೆಂಗಳೂರಿನ ಬೀದಿಗಳನ್ನೆಲ್ಲ ಸುತ್ತಿ ಹೈರಾಣಾಗಿದ್ದರು. “ಇನ್ನೊಂದ್ಸಲ ಗಂಟುಮೂಟೆ ಕಟ್ಟಿಸಿದ್ರೆ ನಾನು ಕೆಂಗೇರಿಗೆ, ನಮ್ಮಪ್ಪನ ಮನೆಗೆ. ನೀವು ಎಲ್ಲಿಗಾದ್ರೂ ಹೋಗಿ” ಎಂದು ವಿಮಲ ಇಲ್ಲಿ ಹಾಲುಕ್ಕಿಸಿದ ದಿನವೇ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವ ಹೆಂಗಸು.

ಗೂಬೆಯನ್ನು ಓಡಿಸೋಣವೆಂದರೆ ಅದಕ್ಕೂ ಅವರದೇ ಬಾಯಿ ಅಡ್ಡ ಬಂದಿತ್ತು. ಹೋದ ವಾರವಷ್ಟೇ ವನ್ಯಪ್ರಾಣಿ ಸಪ್ತಾಹವೆಂದು ಭಜನೆ ಮಂದಿರದಲ್ಲಿ ಬೀದಿಯವರನ್ನೆಲ್ಲ ಕೂಡಿಸಿ, ಹಾವು, ಬಾವಲಿ, ಗೂಬೆ ಯಾವುದನ್ನೂ ಹೊಡೆಯಬೇಡಿ, ಗೂಡು ಕೆಡಿಸಬೇಡಿ ಎಂದು ಮೇಷ್ಟ್ರು ಭಾಷಣ ಬಿಗಿದಿದ್ದರು. ಭಾಷಣ ಮಾಡುವಾಗ ಗೂಬೆ ಊರಾಚೆಯ ಮರದಲ್ಲಿತ್ತು, ಪಾಪ.

ಶಿವಕ್ಕ ಸುದ್ದಿ ಹಂಚಲು ಹೋದ ತಕ್ಷಣ ಮೇಷ್ಟ್ರು ಕದ ಮುಚ್ಚಿ, ಬಟ್ಟೆ ಹರವುವ ಗಳ ಹಿಡಿದು ಏಣಿ ಹತ್ತಿದರು. ಒಮ್ಮೆ ಹಗುರವಾಗಿ ತಿವಿದರೆ ಅದೇ ಹಾರಿಹೋದೀತು, ಯಾರಿಗೂ ಗೊತ್ತಾಗದು. ಗಳ ಚಾಚಿದರು. ತಾಯಿಯ ರೆಕ್ಕೆಯಡಿಯಿಂದ ಹತ್ತಿಯುಂಡೆಯಂಥ ಮರಿಗಳು ತಲೆ ಹೊರಗೆ ಹಾಕಿ ಇವರನ್ನೇ ನೋಡಿದವು. ಮೇಷ್ಟ್ರ ಕೈ ಮುಂದೆ ಹೋಗಲಿಲ್ಲ.

“ಏನ್ ಮೇಷ್ಟ್ರೇ, ಗಳ ಹಿಡ್ಕೊಂಡು?” ಕಿಟಕಿಯಲ್ಲಿ ಪಕ್ಕದಮನೆಯ ಗಿರಣಿ ಮೇಸ್ತ್ರಿ ಮುನಿರಾಮಯ್ಯನ ಮುಖ ಕಾಣಿಸಿತು. “ಓಡಿಸ್ಬಾರ್ದು ಅಂತ ನೀವೇ ಹೇಳಿದ್ರಿ!”

“ಛೆ ಛೆ, ಜೇಡರ ಬಲೆ ತೆಗೀತಾ ಇದ್ದೆ.”

“ಅರ್ಧ ಮೀಸೆ ಇಟ್ಕೊಂಡಾ?”

ಉಳಿದರ್ಧವನ್ನೂ ಬೋಳಿಸಿಕೊಂಡು ಮೇಷ್ಟ್ರು ಶಾಲೆಗೆ ಓಡಿದರು. ಅಲ್ಲಿ ಮನಸ್ಸು ನಿಲ್ಲಬೇಕಲ್ಲ? ಕಪ್ಪೆಯ ಪಾಠದಲ್ಲಿ ಕಪ್ಪೆಗೆ ರೆಕ್ಕೆ ಹಚ್ಚಿದರು, ಮಕ್ಕಳು ಹಾಗೆಯೇ ಬರೆದುಕೊಂಡವು. ಕೊನೆಗೆ ಹೊಟ್ಟೆನೋವೆಂದು ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದರು.

ಮನೆ ಬೀದಿಯಲ್ಲಿತ್ತು. ಹೊಂಗೆಮರದಡಿ ಹಂಡೆ, ಹಾಸಿಗೆ, ದೇವರ ಮಂಟಪ, ಮೇಷ್ಟ್ರ ಒಳಬನಿಯನ್ನು ಸಹಿತ ಸಾಲಾಗಿ ಜೋಡಿಸಿಟ್ಟಿದ್ದರು. ಟ್ರಂಕಿನ ಮೇಲೆ ವಿಮಲ ಮುಖ ಊದಿಸಿಕೊಂಡು ಕುಳಿತಿದ್ದಳು.

“ನೀವು ಒಬ್ರೇ ಕಷ್ಟಪಡೋದು ಬೇಡ ಅಂತ ನಾವೇ ಎಲ್ಲಾ ಹೊತ್ತು ಹಾಕಿದ್ವಿ” ಎಂದು ಶಿವಕ್ಕ ಬೆವರೊರೆಸಿಕೊಂಡರು. ಮುನಿರಾಮಯ್ಯ ಆಗಲೇ ಮುಳ್ಳು ಕಡಿದು ತಂದಿದ್ದ. ಅಷ್ಟಕ್ಕೇ ಬಿಡದೆ ಕುರುಬರಹಳ್ಳಿಗೂ ಹೇಳಿಕಳಿಸಿದ್ದ. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಮನೆಯ ಯಜಮಾನ ದೊಡ್ಡಹನುಮಯ್ಯ ಸೈಕಲ್ಲಿನಿಂದ ಇಳಿಯುತ್ತಲೇ ಗುಡುಗಿದ.

“ಏನ್ ಸ್ವಾಮಿ, ಮನೆ ಕೊಟ್ರೆ ಗೂಬೆ ಸಾಕ್ಕೊಂಡಿದೀರಾ? ನಡೀರಿ, ಮೊದ್ಲು ಬಾಗ್ಲಿಗೆ ಮುಳ್ಳು ಬಡೀಬೇಕು!”

ಈಗ ಬಾಯಿ ಬಿಡದಿದ್ದರೆ ಮನೆಯೂ ಹೋಯಿತು, ಹೆಂಡತಿಯೂ ಹೋದಳು. ಮೇಷ್ಟ್ರು ಕಲ್ಲುಚಪ್ಪಡಿಯೊಂದನ್ನು ಹತ್ತಿ ನಿಂತರು.

“ಯಜಮಾನ್ರೇ, ಒಂದ್ಮಾತು ಕೇಳಿ. ಇದು ಕೇಡಿನ ಹಕ್ಕಿ ಅಲ್ಲ, ಲಕ್ಷ್ಮಿಯ ವಾಹನ!”

“ಅದು ಬಂಗಾಳದೋರ ಲಕ್ಷ್ಮಿ” ಎಂದರು ಶಿವಕ್ಕ. “ನಮ್ಮ ಲಕ್ಷ್ಮಿ ಕಮಲದ ಮ್ಯಾಲೆ ಕೂತ್ಕೊತಾಳೆ.”

ಪುರಾಣ ಕೈಕೊಟ್ಟಿತು. ಮೇಷ್ಟ್ರು ಒಳಗೆ ಓಡಿ, ಅಟ್ಟದ ಕೆಳಗೆ ಬಿದ್ದಿದ್ದ ಕರಿ ಉಂಡೆಗಳನ್ನು ಬೊಗಸೆಯಲ್ಲಿ ತಂದರು. ಗೂಬೆ ಅರಗದ್ದನ್ನೆಲ್ಲ ಹೀಗೆ ಉಂಡೆ ಮಾಡಿ ಉಗುಳುತ್ತದೆಂದು ಹೇಳಿ, ಎಲ್ಲರೆದುರಿಗೆ ಒಂದನ್ನು ಬಿಡಿಸಿದರು. ಕೂದಲಿನೊಳಗಿಂದ ಹಲ್ಲುಸಮೇತ ಪುಟ್ಟ ಬುರುಡೆ ಉರುಳಿತು. ಇನ್ನೊಂದು. ಮತ್ತೊಂದು.

ದೊಡ್ಡಹನುಮಯ್ಯ ಬಗ್ಗಿದ. “ಇಲಿ ತಲೆ ಅಲ್ವಾ ಇದು?”

“ಇಲಿಯೇ! ಮರಿ ಇರೋ ಗೂಬೆ ಒಂದೇ ರಾತ್ರೀಲಿ ರಾಶಿ ಇಲಿ ಹಿಡಿಯುತ್ತೆ. ರೈತನಿಗೆ ಇದಕ್ಕಿಂತ ದೊಡ್ಡ ನೆಂಟ ಇಲ್ಲ. ಮರಿ ಇರುವಾಗ ಗೂಡು ಅಲುಗಿಸಬಾರದು ಅಷ್ಟೇ. ಬಿಟ್ಟರೆ ವರ್ಷ ವರ್ಷವೂ ಅಲ್ಲೇ ಮರಿ ಮಾಡುತ್ತೆ.”

“ವರ್ಷ ವರ್ಷವೂ?”

“ಖಂಡಿತ!”

ಯಜಮಾನ ಉಂಡೆಗಳನ್ನು ತಾನೇ ಬಿಡಿಸತೊಡಗಿದ. ಅವನ ಮುಖ ಅರಳುತ್ತಾ ಹೋಯಿತು. ಮುನಿರಾಮಯ್ಯ ಮುಳ್ಳಿನ ಕಂತೆಯನ್ನು ಮೆಲ್ಲಗೆ ಬೇಲಿಯಾಚೆ ಎಸೆದ. ಶಿವಕ್ಕ, ಒಂದು ಮರಿ ತಮ್ಮ ಅಟ್ಟಕ್ಕೂ ಬಂದೀತೇ ಎಂದು ವಿಚಾರಿಸಿದರು. ಜೀವಮಾನದಲ್ಲಿ ಮೊದಲ ಸಲ ತಮ್ಮ ಪಾಠ ಯಾರ ತಲೆಗಾದರೂ ಹತ್ತಿದ್ದು ಕಂಡು ಮೇಷ್ಟ್ರು ಇಲ್ಲದ ಮೀಸೆಯನ್ನು ತಿರುವಿಕೊಂಡರು.

“ಕಣ್ ತೆರೆಸಿದ್ರಿ ಮೇಷ್ಟ್ರೇ” ಎಂದು ದೊಡ್ಡಹನುಮಯ್ಯ ಕೈಮುಗಿದ. “ಇನ್ಮೇಲೆ ಈ ಗೂಬೆ ತಂಟೆಗೆ ಯಾರೂ ಬರಂಗಿಲ್ಲ.”

ವಿಮಲ ಟ್ರಂಕಿನಿಂದ ಎದ್ದಳು. ಮೇಷ್ಟ್ರು ಹಾಸಿಗೆ ಸುರುಳಿ ಹೆಗಲಿಗೇರಿಸಿ ಬಾಗಿಲಿಗೆ ನಡೆದರು. ಯಜಮಾನ ಅಡ್ಡ ನಿಂತ.

“ಎಲ್ಲಿಗೆ?”

“ಒಳಗೆ.”

“ಅದೆಂಗಾಯ್ತದೆ? ಕುರುಬರಹಳ್ಳೀಲಿ ಇಲಿಗಳು ಬಿತ್ತನೆ ರಾಗೀನೂ ಬಿಡ್ಲಿಲ್ಲ ಸ್ವಾಮಿ. ಈ ಸುಗ್ಗೀಲಿ ರಾಗಿ ಪೂರಾ ತಂದು ಇಲ್ಲೇ ತುಂಬ್ತೀನಿ. ನೀವು ಬೇರೆ ಮನೆ ನೋಡ್ಕಳಿ.”

ಮೇಷ್ಟ್ರ ಹೆಗಲಿನಿಂದ ಹಾಸಿಗೆ ಜಾರಿತು. ತತ್ತ್ವ, ಸಪ್ತಾಹ ಎಲ್ಲವೂ ಅದರೊಂದಿಗೇ ಜಾರಿದವು. “ಯಜಮಾನ್ರೇ, ಬೇಕಾದ್ರೆ ಗೂಡುಸಮೇತ ಇಳಿಸಿ, ನಾನೇ ಕುಕ್ಕೆಯಲ್ಲಿಟ್ಟು ನಿಮ್ಮ ಹಟ್ಟಿಗೆ ತಂದುಕೊಡ್ತೀನಿ!”

“ಥೂ, ಎಂಥಾ ಪಾಪದ ಮಾತು!” ದೊಡ್ಡಹನುಮಯ್ಯ ಕಿವಿ ಮುಚ್ಚಿಕೊಂಡ. “ಮರಿ ಇರೋ ಗೂಡು ಅಲುಗಿಸಬಾರದು ಅಂತ ಈಗ ತಾನೇ ಹೇಳಿದ್ರಿ. ಓದ್ದೋರು ನೀವೇ ಹಿಂಗಾಡಿದ್ರೆ ಹೆಂಗೆ?”

ಬೀದಿಯವರೆಲ್ಲ ಹೌದು ಹೌದೆಂದರು. ಮೇಷ್ಟ್ರು ಬಂದು ಟ್ರಂಕಿನ ಇನ್ನೊಂದು ತುದಿಯಲ್ಲಿ ಕುಳಿತರು. ವಿಮಲ ಅವರ ಕಡೆ ನೋಡದೆ ನಿಧಾನವಾಗಿ ಹೇಳಿದಳು:

“ಸುಮ್ನೆ ಮುಳ್ಳು ಬಡಿಯೋಕೆ ಬಿಟ್ಟಿದ್ರೆ ಮೂರು ತಿಂಗಳಿಗೆ ಮನೆ ವಾಪಸ್ಸು ಬರ್ತಿತ್ತು.”